ಕ್ಷೌರಿಕನ ಬೆರಳು

ಮುಂದೆ ಕ್ಷೌರದ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಸಂಸಾರ. ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಕ್ಷೌರಿಕನ ತಲೆಯೇ ಬೋಳಾಯಿತು. ಗಿರಾಕಿಗಳು ನಕ್ಕರು, ಅವನೂ ನಕ್ಕ. ಬೆರಳಿಗೆ ಜೋಮು ಹಿಡಿದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಆದರೂ ಅವನು ಮುಖ ಕಿವುಚಲಿಲ್ಲ. ಆಗ ಹೆಂಡತಿಗೆ ಗೊತ್ತಾಯಿತು.

ಇದೇ ಕೈಯಲ್ಲವೇ ಕಂಡವರ ಗಂಟಲ ಮೇಲೆ ಕತ್ತಿ ಎಳೆಯುವುದು? ಮುಂದಿನ ಕೀಮೋಗೆ ಅವಳೂ ಅವನ ಜೊತೆ ಹೊರಟಳು.

ಆಸ್ಪತ್ರೆಯಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮ ಇದ್ದರು. ರಕ್ತದ ರಿಪೋರ್ಟು ನೋಡಿ, ಅವನ ಮಣಿಕಟ್ಟಿಗೆ, ಕಾಲಿಗೆ ಕೂದಲಿನಂಥ ಸೂಜಿ ಚುಚ್ಚಿದರು.

"ಇದು ರೋಗಕ್ಕಲ್ಲಮ್ಮ, ವಾಕರಿಕೆಗೆ, ಜೋಮಿಗೆ. ಕೆಲವರಿಗೆ ಕಮ್ಮಿ ಆಗುತ್ತೆ, ಕೆಲವರಿಗೆ ಇಲ್ಲ. ಕೀಮೋ ಮಾತ್ರ ತಪ್ಪಿಸ್ಬೇಡಿ."

ವಾಕರಿಕೆ ಇಳಿಯಿತು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಅಷ್ಟಕ್ಕೇ ಅವನಿಗೆ ಆನೆಬಲ.

"ಕೈಯೂ ಸರಿಹೋಯ್ತು ಕಣೇ."

ಅವಳು ನಂಬಲಿಲ್ಲ.

ಮರುದಿನ ಹಳೆಯ ಗಿರಾಕಿ ಲಾರಿ ಡ್ರೈವರ್ ಬಂದು ಕುರ್ಚಿಯಲ್ಲಿ ಕೂತ. "ಗಡ್ಡ ತೆಗಿಯಯ್ಯಾ. ನಿನ್ ತಲೆ ಥರ ನುಣ್ಣಗಾಗ್ಬೇಕು ನೋಡು!" ನೊರೆ ಹಚ್ಚಿಸಿಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ.

ಪರದೆಯ ಸಂದಿನಿಂದ ಅವಳು ನೋಡುತ್ತಿದ್ದಳು. ಗಿರಾಕಿಯ ಮುಂದೆ ಗಂಡನ ಮರ್ಯಾದೆ ಕಳೆಯುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ.

"ರೀ, ಸ್ವಲ್ಪ ಒಳಗೆ ಬನ್ನಿ."

ಕತ್ತಿ ಹಿಡಿದೇ ಬಂದ. "ಏನೇ ನಿಂದು?"

ಅವಳು ಬೆನ್ನು ತಿರುಗಿಸಿ, ಜಡೆ ಎತ್ತಿ, ಕತ್ತು ಬಗ್ಗಿಸಿದಳು. "ಮೊದಲು ನನ್ ಮೇಲಿಟ್ಟು ನೋಡಿ."

"ತಲೆ ಕೆಟ್ಟಿದ್ಯಾ?"

"ಕೈ ಸರಿಹೋಯ್ತು ಅಂದ್ರಲ್ಲ. ಇಡಿ."

ಅಲಗು ತಣ್ಣಗೆ ತಗುಲಿತು. ಅವಳು ಉಸಿರು ಬಿಗಿಹಿಡಿದಳು. ಅಲಗು ಅಲ್ಲಿಗೆ ನಿಲ್ಲಲಿಲ್ಲ, ಒತ್ತಿತು. ಅಲುಗಾಡಿದರೆ ಸೀಳುತ್ತದೆ. ಹಿಂದಿನಿಂದ ಪಿಸುಮಾತು ಬಂತು.

"ಲೇ... ತಾಗ್ತಾ?"

"ಹೂಂ," ಅಂದಳು. "ಆಗಲೇ ತಾಗ್ತು."

ಅವನು ಕತ್ತಿ ತೆಗೆದ. ಅವಳ ಕತ್ತಿನ ಮೇಲೆ ರಕ್ತದ ಗೆರೆ. ಸೆರಗಿನಿಂದ ಒತ್ತಿ ಒರೆಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ಹೋಗಿ ಡ್ರೈವರನ ನೊರೆ ಒರೆಸಿದ. "ಕತ್ತಿ ಮೊಂಡಾಗಿದೆ ಕಣಯ್ಯ. ಬೇರೆ ಅಂಗಡಿ ನೋಡ್ಕೋ."

"ಮೊಂಡಾದ್ರೆ ಮಸೆಯಯ್ಯಾ!"

ಅವನು ಕತ್ತಿ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ.

ಆಮೇಲೂ ವಾರ ವಾರ ಸೂಜಿಗೆ ಹೋದ. ಉಂಡದ್ದು ದಕ್ಕುತ್ತಿತ್ತು, ಬೆರಳಿಗೆ ಜೀವ ಬರಲಿಲ್ಲ. ಗಡ್ಡದ ಕೆಲಸ ಬಿಟ್ಟು, ಕೊನೆಯ ತನಕ ಕತ್ತರಿಯೊಂದನ್ನೇ ಹಿಡಿದ. ಅದರ ಸದ್ದು ನಿಂತಾಗಲೆಲ್ಲ ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುತ್ತಿದ್ದಳು.