ಮೊದಲ ಕರೆಗೆ ಬಂದ ಉತ್ತರ

ಇದು ಕಟ್ಟುಕಥೆ ಅಲ್ಲ. ಕಥೆ ಕಟ್ಟುವ ಬುದ್ಧಿ ಇದ್ದಿದ್ದರೆ ಕುವೈತಿನ ಮಾಳಿಗೆಗಳನ್ನು ಹತ್ತಿ ಇಳಿದು ಹನ್ನೊಂದು ವರ್ಷ ಕಳೆಯುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಗುವವರು ನಗಲಿ, ಮೊದಲು ನಾನೂ ನಗುವವರ ಪೈಕಿಯೇ ಆಗಿದ್ದೆ.

"ಕುವೈತಿನಲ್ಲಿ ಹೀಟರಾ?" ಎಂದು ಊರಿನವರು ಕೇಳುತ್ತಾರೆ. ಜನವರಿಯ ಒಂದು ರಾತ್ರಿ ಇಲ್ಲಿ ಕಳೆದು ನೋಡಲಿ, ಹಲ್ಲು ಕಟಕಟ ಎನ್ನುತ್ತದೆ. ದೊಡ್ಡ ಮನೆಗಳಲ್ಲಿ ಮಾಳಿಗೆಯ ಮೇಲೆ ಒಂದೇ ಯಂತ್ರ. ಬೇಸಿಗೆಯಲ್ಲಿ ಅದು ತಂಪು ಗಾಳಿ ಕೊಡುತ್ತದೆ, ಚಳಿಗಾಲದಲ್ಲಿ ಒಳಗಿನ ಹೀಟರ್ ಕಾಯಿಲ್ ಕಾದು ಬಿಸಿ ಗಾಳಿ. ಎರಡೂ ತಗಡಿನ ಡಕ್ಟ್ ಹಿಡಿದು ಕೋಣೆಗಳಿಗೆ ಇಳಿಯುತ್ತವೆ.

ಈ ಕೆಲಸದಲ್ಲಿ ನಾನು ಮತ್ತು ಭಾವ ಜೋಡಿ. ಭಾವ ಅಂದರೆ ನನ್ನ ಅಕ್ಕನ ಗಂಡ ಸದಾಶಿವ, ನನ್ನನ್ನು ಇಲ್ಲಿಗೆ ಕರೆಸಿಕೊಂಡವರು. ಅವರು ಮೇಲೆ ಯಂತ್ರದೊಳಗೆ ಕೈ ಹಾಕುತ್ತಾರೆ, ನಾನು ಕೆಳಗೆ ಕರೆಂಟಿನ ಬ್ರೇಕರ್ ಹತ್ತಿರ ನಿಲ್ಲುತ್ತೇನೆ. ಫ್ಯಾನ್ ನಿಂತಿದ್ದರೆ ಡಕ್ಟ್‌ನಲ್ಲಿ ಧ್ವನಿ ಚೆನ್ನಾಗಿ ಕೇಳಿಸುತ್ತದೆ, ಫೋನಿನ ರಗಳೆ ಬೇಡ. ನಾನು ಗಾಳಿ ಬರುವ ಜಾಲಿಗೆ ಮುಖ ಎತ್ತಿ ತುಳುವಿನಲ್ಲಿ "ಭಾವಾ, ಪಾಡೊಡಾ?" ಎಂದು ಕೇಳಬೇಕು. ಕರೆಂಟು ಹಾಕಲಾ ಎಂದು. ಕೈ ಹೊರಗಿದ್ದರೆ ಮಾತ್ರ ಅವರು ಹಾಕು ಎಂಬರ್ಥದಲ್ಲಿ "ಪಾಡ್ಲ" ಎನ್ನಬೇಕು. ಆಮೇಲೆಯೇ ನಾನು ಬ್ರೇಕರ್ ಎತ್ತಬೇಕು. ಇದರಲ್ಲಿ ತಪ್ಪಿದರೆ ಅಕ್ಕನ ಬದುಕು ಮುಗಿದ ಹಾಗೆ.

ಆದರೆ ಕತ್ತಲಾದ ಮೇಲೆ ಭಾವ ಮೊದಲ ಕರೆಗೆ ಓಗೊಡುವವರಲ್ಲ. ರಾತ್ರಿ ಯಾರೇ ಕರೆದರೂ ಮೂರನೇ ಕರೆಯ ತನಕ ಸುಮ್ಮನಿರಬೇಕು, ಮನುಷ್ಯರಲ್ಲದವು ಮೂರು ಸಲ ಕರೆಯುವುದಿಲ್ಲ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರಲ್ಲ... ಅದನ್ನು ಅವರು ಇಲ್ಲಿಯೂ ಬಿಟ್ಟಿರಲಿಲ್ಲ. ನಾನು ಗಂಟಲು ಹರಿದುಕೊಳ್ಳಬೇಕು.

"ಭೂತಕ್ಕೆ ಇಲ್ಲಿ ಇರಲು ಇಕಾಮಾ ಕಾಗದ ಕೊಡುವುದು ಯಾರು ಭಾವ?" ಎಂದು ಛೇಡಿಸುತ್ತಿದ್ದೆ.

"ಕಾಗದ ಇಲ್ಲದೆ ಬರುವವೂ ಉಂಟು ಮಾರಾಯ," ಎನ್ನುತ್ತಿದ್ದರು.

ಆ ಸಂಜೆಯ ಕೆಲಸ ಫಿಂಟಾಸ್‌ನಲ್ಲಿ. ಕಡಲ ಹತ್ತಿರದ ಹಳೆಯ ವಿಲ್ಲಾ, ಅದರ ಮೇಲಂತಸ್ತಿನಲ್ಲಿ ಗದಗ ಕಡೆಯ ಒಂದು ಸಂಸಾರ ಬಾಡಿಗೆಗಿತ್ತು. ಗಂಡ ನೈಟ್ ಡ್ಯೂಟಿಗೆ ಹೋಗಿದ್ದ. ಬಾಗಿಲು ತೆಗೆದ ರೇಣುಕಾ ಎಂಬ ಹೆಂಗಸಿನ ಎದೆಯ ಮೇಲೆ ಎರಡು ಕಂಬಳಿ ಸುತ್ತಿದ ಕೂಸು. ಇನ್ನೂ ತಿಂಗಳು ತುಂಬಿರಲಿಲ್ಲ.

"ಮೂರು ದಿನ ಆತ್ರೀ ಅಣ್ಣಾರ. ಹೀಟರ್ ಹಾಕಿದ್ರ ಬರೇ ತಣ್ಣನ ಗಾಳಿ ಬರಾಕತ್ತೈತಿ. ಕೂಸಿನ ಕೈಕಾಲು ನೋಡ್ರಿ..."

ಮುಟ್ಟಿ ನೋಡಿದೆ. ಬೆರಳುಗಳು ತಣ್ಣಗಿದ್ದವು.

ಮಾಮೂಲಿ ಪರೀಕ್ಷೆ ಶುರು ಮಾಡಿದೆವು. ಎಷ್ಟೋ ಮನೆಗಳಲ್ಲಿ ಥರ್ಮೋಸ್ಟಾಟ್‌ನ ಫ್ಯಾನ್ ಗುಂಡಿ ಆಟೋ ಬದಲು ಆನ್‌ನಲ್ಲಿ ಇರುತ್ತದೆ, ಹೀಟರ್ ನಿಂತರೂ ಫ್ಯಾನ್ ತಿರುಗಿ ತಣ್ಣನೆ ಗಾಳಿ ಊದುತ್ತದೆ. ಇಲ್ಲಿ ಅದು ಸರಿಯಾಗಿಯೇ ಇತ್ತು. ಫಿಲ್ಟರ್‌ನಲ್ಲಿ ಧೂಳು ಕಟ್ಟಿದರೂ ಕಾಯಿಲ್ ಅತಿಯಾಗಿ ಕಾದು ತಾನೇ ಆಫ್ ಆಗುತ್ತದೆ. ಫಿಲ್ಟರ್ ಹೊಸದಿತ್ತು. ಇನ್ನು ಕಾಯಿಲನ್ನೇ ನೋಡಬೇಕು. ಕರೆಂಟು ಕಡಿಯಲು ಮೇಲೆ ಯಂತ್ರದ ಹತ್ತಿರವೇ ಇದ್ದ ಸ್ವಿಚ್ ಉಪ್ಪುಗಾಳಿಗೆ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ನಾನು ಕೆಳಗಿನ ಬ್ರೇಕರ್ ಇಳಿಸಿದೆ, ಭಾವ ಟಾರ್ಚ್ ಹಿಡಿದು ಮೇಲೆ ಹೋದರು.

ಫ್ಯಾನ್ ನಿಂತಿತು. ಮನೆ ಗಪ್‌ಚಿಪ್.

ನಾನು ಕೂಸಿನ ಕೋಣೆಯ ಬಾಗಿಲಲ್ಲಿ ನಿಂತೆ. ಬ್ರೇಕರ್ ಪೆಟ್ಟಿಗೆ ಅಲ್ಲೇ ಪಕ್ಕದ ಗೋಡೆಯಲ್ಲಿತ್ತು. ಗಾಳಿ ಬರುತ್ತದೆಯೇ ಎಂದು ನೋಡಲು ಮೊದಲೇ ಜಾಲಿಗೆ ಒಂದು ಟಿಶ್ಯೂ ಕಾಗದ ಸಿಕ್ಕಿಸಿದ್ದೆ. ಫ್ಯಾನ್ ನಿಂತ ಮೇಲೆ ಅದು ಇಳಿಬೀಳಬೇಕಿತ್ತು.

ಅದು ಅಲುಗುತ್ತಲೇ ಇತ್ತು...

ಮೇಲೆ ಮುಚ್ಚಳ ತೆರೆದಿದ್ದಾರೆ, ಕಡಲ ಗಾಳಿ ಒಳಗೆ ನುಗ್ಗಿರಬೇಕು ಎಂದುಕೊಂಡೆ. ಆದರೆ ಅದರಲ್ಲಿ ಕಡಲಿನ ವಾಸನೆ ಇರಲಿಲ್ಲ. ಹಸಿ ಸಿಮೆಂಟಿನ ವಾಸನೆ, ಹೊಸದಾಗಿ ಗೋಡೆ ಕಟ್ಟಿದಲ್ಲಿ ಬರುವಂಥದ್ದು. ಆ ಬೀದಿಯಲ್ಲಿ ಎಲ್ಲಿಯೂ ಕಟ್ಟಡದ ಕೆಲಸ ನಡೆಯುತ್ತಿರಲಿಲ್ಲ.

ಕೂಸು ಅಳಲು ಶುರು ಮಾಡಿತು. ಭಾವ ಮೇಲೆ ಹೋಗಿ ಕಾಲು ಗಂಟೆ ಆಗಿರಬೇಕು.

"ಇನ್ನೂ ಎಷ್ಟೊತ್ತು ಆಗ್ತೈತ್ರೀ?" ಎಂದಳು ರೇಣುಕಾ.

ನಾನು ಜಾಲಿಗೆ ಮುಖ ಎತ್ತಿದೆ. "ಭಾವಾ, ಪಾಡೊಡಾ?"

"ಪಾಡ್ಲ."

ಮೊದಲ ಕರೆಗೇ ಉತ್ತರ! ಅಂತೂ ಇವತ್ತು ಭಾವನಿಗೆ ಬುದ್ಧಿ ಬಂತು ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಬ್ರೇಕರ್ ಎತ್ತಿಬಿಟ್ಟೆ.

ಮೇಲಿಂದ ಧಡ್ ಎಂದು ಸದ್ದು. ಬ್ರೇಕರ್ ತಾನಾಗಿ ಇಳಿಯಿತು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಭಾವ ಯಂತ್ರದಿಂದ ಎರಡು ಮಾರು ದೂರ ಅಂಗಾತ ಬಿದ್ದಿದ್ದರು. ಬಲಗೈಯ ಎರಡು ಬೆರಳು ಕಪ್ಪಾಗಿದ್ದವು. ಸುಟ್ಟ ಚರ್ಮದ ವಾಸನೆ... ಉಸಿರು ಇತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರನ್ನು ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಕೇಳಿದರು. "ಉಮೇಶ, ನಿಜ ಹೇಳು. ಯಾಕೆ ಹಾಕಿದೆ?"

"ನೀವು ಹೇಳಿದ್ರಿ ಭಾವ."

"ನೀನು ಕರೆದದ್ದೇ ನನಗೆ ಕೇಳಲಿಲ್ಲ ಮಾರಾಯ." ಪಟ್ಟಿ ಸುತ್ತಿದ ಬಲಗೈಯನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡರು. "ಆಯ್ತು. ನಾನೇ ಹೇಳಿದ್ದು ಅಂತ ಇಟ್ಟುಕೊಳ್ಳುವ. ನಿನ್ನ ಅಕ್ಕನತ್ರವೂ ಹಾಗೇ ಹೇಳಿದ್ದೇನೆ. ಇನ್ನು ಆ ಮಾತು ಬೇಡ."

ಅವರ ಲೆಕ್ಕದಲ್ಲಿ ನಾನು ಅವಸರದಲ್ಲಿ ಹಾಕಿಬಿಟ್ಟೆ, ಈಗ ಹೆದರಿ ಸುಳ್ಳು ಹೇಳುತ್ತಿದ್ದೇನೆ. ಅದನ್ನು ಅವರು ಕ್ಷಮಿಸಿದರು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದವನ ಸಂಕಟ ಅನುಭವಿಸಿದವರಿಗೇ ಗೊತ್ತು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬಹುಶಃ ಅವರೇ ಸರಿಯೇನೋ, ನನ್ನ ಕಿವಿಯೇ ನನಗೆ ಮೋಸ ಮಾಡಿತೇನೋ ಎಂದೂ ಅನ್ನಿಸಿತು.

ಬಿಟ್ಟು ಬಂದಿದ್ದ ಸಾಮಾನು ತರಲು ಮರುದಿನ ಹಗಲಿನಲ್ಲೇ ಫಿಂಟಾಸ್‌ಗೆ ಹೋದೆ. ಕಂಪನಿಯ ಬೇರೆ ಇಬ್ಬರು ಕಾಯಿಲ್ ಬದಲಾಯಿಸಿದ್ದರು, ಕೋಣೆ ಬೆಚ್ಚಗಿತ್ತು, ಕೂಸು ಮಲಗಿತ್ತು. ಆದರೂ ರೇಣುಕಾ ಜಾಲಿಗೆ ಕಾಗದ ಅಂಟಿಸಿ ಮುಚ್ಚಿದ್ದಳು. ನಾನು ಏನೂ ಕೇಳಿರಲಿಲ್ಲ, ಅವಳೇ ದನಿ ತಗ್ಗಿಸಿ ಕೇಳಿದಳು.

"ಅಣ್ಣಾರ... ಪಾಡ್ಲ ಅಂದ್ರ ಏನ್ರೀ?"

ಅವಳಿಗೆ ತುಳು ಗೊತ್ತಿಲ್ಲ. "ಯಾಕೆ?"

"ಅವತ್ತು ಎರಡು ಸಲ ಅಂದ್ರಲ್ರೀ ಮ್ಯಾಲಿನಿಂದ. ನೀವು ಕೇಳಿದ ಮ್ಯಾಲೆ ಒಂದು ಸಲ. ಅದಕ್ಕೂ ಮೊದಲ, ಕೂಸು ಅಳೂ ಮುಂದ, ಸಣ್ಣಗ ಒಂದು ಸಲ... ನೀವಿನ್ನೂ ಬಾಯೇ ತೆರೆದಿದ್ದಿಲ್ಲ."

ನಾನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ನೇರವಾಗಿ ಆಸ್ಪತ್ರೆಗೆ ಹೋಗಿ ಹೇಳಿಬಿಡಬೇಕು, ನಾನು ಸುಳ್ಳುಗಾರನಲ್ಲ, ಸಾಕ್ಷಿ ಇದೆ ಎಂದು. ವಾರ್ಡಿನ ಬಾಗಿಲ ತನಕ ಹೋದೆ. ಭಾವ ಎಡಗೈಯಲ್ಲಿ ಫೋನ್ ಹಿಡಿದು ಅಕ್ಕನ ಜೊತೆ ಮಾತಾಡುತ್ತಿದ್ದರು. "ಬರುವ ತಿಂಗಳು ಕೆಲಸಕ್ಕೆ ಹೋಗುತ್ತೇನೆ. ಮಾಳಿಗೆ ಹತ್ತಲು ನನಗೆಂಥ ಹೆದರಿಕೆ?" ಎಂದು ನಗುತ್ತಿದ್ದರು.

ಆ ಕತ್ತಲಲ್ಲಿ ತನ್ನ ಪಕ್ಕ ಇನ್ನೊಬ್ಬರಿದ್ದರು ಎಂದು ಗೊತ್ತಾದರೆ ಈ ಮನುಷ್ಯ ಇನ್ನು ಜನ್ಮದಲ್ಲಿ ಮಾಳಿಗೆ ಹತ್ತುವುದಿಲ್ಲ. ಅವರಿಗೆ ಬರುವುದು ಅದೊಂದೇ ಕೆಲಸ. ನಾನು ಏನೂ ಹೇಳದೆ ಒಳಗೆ ಹೋಗಿ ಕೂತೆ.

ಇವತ್ತಿಗೂ ಹೇಳಿಲ್ಲ. ಈಗಲೂ ನಾವು ಜೋಡಿಯೇ. "ಪಾಡ್ಲ" ಎಂಬ ಉತ್ತರ ಎಷ್ಟನೇ ಕರೆಗೆ ಬಂದರೂ ನಾನು ಬ್ರೇಕರ್ ಮುಟ್ಟುವುದಿಲ್ಲ. ಏದುಸಿರು ಬಿಡುತ್ತ ಮಾಳಿಗೆಗೆ ಓಡಿ ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆ. "ಕೈ ಹೊರಗೆ ಉಂಟು ಮಾರಾಯ, ನೋಡು," ಎಂದು ಭಾವ ಎರಡೂ ಕೈ ಎತ್ತಿ ನಗುತ್ತಾರೆ.

ನಾನು ಕೈಯನ್ನು ನೋಡಲು ಹೋಗುವುದಲ್ಲ. ಅವರು ಅಲ್ಲಿ ಒಬ್ಬರೇ ಇದ್ದಾರೆಯೇ ಎಂದು ನೋಡಲು ಹೋಗುತ್ತೇನೆ.