‘ಬರ್ರಿ’ ಎಂದ ತಪ್ಪಿಗೆ

ಆ ಕಾಲಕ್ಕೆ ಹುಮನಾಬಾದಿನ ನಮ್ಮ ಮನೆಯಲ್ಲಿ ಯಾರಾದರೂ ಮೆತ್ತಗೆ ಮಾತಾಡಿದರೆ ಉಳಿದವರು ಮೊದಲು ಅಡುಗೆಮನೆಯ ಡಬ್ಬಿಗಳನ್ನು ನೋಡಿ ಬರುತ್ತಿದ್ದರು. ನಾವು ಪ್ರೀತಿಯಿಲ್ಲದವರೇನಲ್ಲ. ಆದರೆ ಪ್ರೀತಿಯನ್ನೂ ಗದರಿಸಿಯೇ ಹೇಳುವುದು ನಮ್ಮ ರೂಢಿ. ಅಪ್ಪನ ತಾಯಿ, ನಮ್ಮ ಆಯಿ, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿದು ತನಗೊಬ್ಬಳಿಗೇ ಗುರುತು ಸಿಗುವಂಥ ಗಂಟು ಹಾಕುತ್ತಿದ್ದಳು. ನಾವು ಹೊರಗಿನಿಂದ ಬಂದ ಕೂಡಲೇ ಕೈ ಹಿಡಿದು ಮೂಸುತ್ತಿದ್ದಳು. ಬೆಲ್ಲವೋ ಶೇಂಗಾವೋ ಅವಳ ಮೂಗಿಗೆ ಬರಾಬರಿ ತಿಳಿಯುತ್ತಿತ್ತು.

ಅರವತ್ತರ ದಶಕದ ಒಂದು ಬೇಸಿಗೆ. ಬಸವಕಲ್ಯಾಣದಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರು ನಮ್ಮ ಓಣಿಯಲ್ಲಿ ಬಾಡಿಗೆಗೆ ಬಂದರು. ಅವರ ಮಗಳು ರತ್ನಾ ನನ್ನಷ್ಟೇ ವಯಸ್ಸಿನವಳು, ಹತ್ತು ವರ್ಷ ಇರಬಹುದು. ಮೊದಲ ದಿನವೇ ನನಗೆ, “ಒಳಗ ಬರ್ರಿ, ಕೂಡ್ರಿ” ಎಂದಳು. ದೊಡ್ಡವರು ಯಾರೋ ಬಂದಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ಮನೆಯಲ್ಲಿ ಆಗಷ್ಟೇ ಹೆಜ್ಜೆ ಇಡುತ್ತಿದ್ದ ಕೂಸಿಗೂ “ಹಾಲು ಕುಡೀರಿ” ಎನ್ನುತ್ತಿದ್ದರು.

“ಅಂವ ಸಣ್ಣಾಂವ ಅಲ್ಲೇನ್ರಿ?” ಎಂದು ಅವಳ ತಾಯಿಯನ್ನು ಕೇಳಿಯೇಬಿಟ್ಟೆ.

“ಸಣ್ಣವ್ರೊಳಗ ದೇವ್ರು ಇರಂಗಿಲ್ಲೇನ್ರಿ?” ಎಂದು ಅವರು ನಕ್ಕರು.

ನನಗೆ ನಂಬಿಕೆ ಬರಲಿಲ್ಲ. ಇಷ್ಟು ಒಳ್ಳೆಯ ಮಾತಿನ ಹಿಂದೆ ಏನೋ ಇರಲೇಬೇಕು ಎಂದು ಹದಿನೈದು ದಿನ ಕಾದೆ. ಏನೂ ಹೊರಬೀಳಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರು, ರತ್ನಾಳ ಜೊತೆ ನನಗೂ ತಲೆ ಬಾಚಿದರು, ಅಷ್ಟೆ. ಅವಳೊಡನೆ ಕೂತು ಕೂತು ಆ ‘ರಿ’ ನನ್ನ ನಾಲಿಗೆಗೂ ಹತ್ತಿತು.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ತಮ್ಮನನ್ನು ಊಟಕ್ಕೆ ಕರೆದೆ: “ಶಿವೂ, ಉಣ್ಣಾಕ ಬರ್ರಿ.”

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಐದು ವರ್ಷದ ಶಿವು ತಾನೇ ಏನೋ ತಪ್ಪು ಮಾಡಿದೆನೆಂದು ಅಳತೊಡಗಿದ. ಆಯಿ ಮೊಣಕಾಲು ಹಿಡಿದು ಎದ್ದು ಬಂದಳು.

“ಏನ್ ಮುರ್ದಿ? ಖರೇ ಹೇಳು.”

“ಏನೂ ಇಲ್ರಿ, ಆಯಿ.”

“ಅಯ್ಯ, ನನಗೂ ರಿ ಅನ್ನಾಕತ್ತಾಳ! ಏನೋ ದೊಡ್ಡದ ಮಾಡ್ಯಾಳ ಇಕಿ.”

ಮನೆಯೆಲ್ಲ ಜಾಲಾಡಿದರು. ಕೊನೆಗೆ ಉಪ್ಪಿನಕಾಯಿ ಭರಣಿಯ ಗಂಟು ಸಡಿಲವಾಗಿದ್ದು ಆಯಿಯ ಕಣ್ಣಿಗೆ ಬಿತ್ತು.

“ನನಗ ಮೊದ್ಲೇ ಶಕ್ ಇತ್ತು. ಆ ಮಾಸ್ತರ ಮಗಳದ ಕೆಲಸ ಇದು. ರಿ ರಿ ಅಂತ ಒಳಗ ಬರೂದು, ಡಬ್ಬಿಗೆ ಕೈ ಹಾಕೂದು. ಇನ್ನ ಆಕಿ ಸಂಗ ಬ್ಯಾಡ.”

ಅದೇ ಹೊತ್ತಿಗೆ ರತ್ನಾ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈ ಮುಷ್ಟಿ ಕಟ್ಟಿತ್ತು. ಅವಳು ನಮ್ಮ ಅಡುಗೆಮನೆಗೆ ಕಾಲಿಟ್ಟವಳೇ ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಆ ಮುಷ್ಟಿ ನೋಡಿದ್ದೇ ನನ್ನೊಳಗೂ ಆಯಿ ಎದ್ದು ಕೂತಳು. ಎಲ್ಲರ ಮುಂದೆ ಹೋಗಿ, “ಕೈ ತೋರ್ಸು” ಎಂದು ಅವಳ ಬೆರಳು ಬಿಡಿಸಿ ಮೂಸಿದೆ.

ಅಂಗೈಯಲ್ಲಿ ಶೇಂಗಾದ ಉಂಡಿಯಿತ್ತು. ನನ್ನ ಎಳೆದಾಟಕ್ಕೆ ಅದು ಪುಡಿಯಾಗಿತ್ತು.

“ನಿಮಗಂತ ತಂದಿದ್ನಿರಿ” ಎಂದಳು. ಅಳಲಿಲ್ಲ.

ಮುಂಜಾನೆ ಅವಸರದಲ್ಲಿ ಗಂಟು ಸಡಿಲ ಬಿಟ್ಟಿದ್ದು ತಾನೇ ಎಂದು ಸಂಜೆಗೆ ಆಯಿಗೆ ನೆನಪಾಯಿತು. “ಹೋಗ್ಲಿ ಬಿಡು, ನಾಳಿಂದ ಆಡಾಕ ಹೋಗು” ಎಂದಳು. ತಪ್ಪಾಯಿತು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೂ ಬರಲಿಲ್ಲ.

ಮರುದಿನ ಹೋದೆ. ರತ್ನಾ ಸಿಟ್ಟು ಮಾಡಲಿಲ್ಲ, ತನ್ನ ಐದು ಗಜಗದ ಕಾಯಿ ತಂದು ಕಟ್ಟೆಯ ಮೇಲೆ ಕೂತು ನನ್ನೊಡನೆ ಆಡಿದಳು. ನಾನು ಹೊರಡಲು ಎದ್ದಾಗ ಕಾಯಿಗಳನ್ನು ಉಡಿಯಲ್ಲಿ ಹಾಕಿಕೊಂಡು, ಒಂದೊಂದಾಗಿ ಮುಟ್ಟಿ ಎಣಿಸಿದಳು. ಎಂದೂ ಎಣಿಸಿದವಳಲ್ಲ.

“ಐದೂ ಅದಾವ” ಎಂದಳು. “ಈಗ ನೀ ಹೋಗು.”

ಮುಂದಿನ ವರ್ಷ ಮಾಸ್ತರರಿಗೆ ಮತ್ತೆ ವರ್ಗವಾಯಿತು. ಆ ಮನೆಯವರು ಎಲ್ಲಿದ್ದಾರೋ ತಿಳಿಯದು. ನಾನೀಗ ಕೂಸುಗಳಿಗೂ ‘ಬರ್ರಿ’ ಅನ್ನುತ್ತೇನೆ, ಎಂಥ ಸಂಸ್ಕಾರ ಎಂದು ಜನ ಹೊಗಳುತ್ತಾರೆ. ನನಗೆ ನಾಚಿಕೆಯಾಗುತ್ತದೆ. ಅವಳ ಜೊತೆ ಇದ್ದು ನಾನು ಇಷ್ಟಾದೆ. ನನ್ನ ಜೊತೆ ಇದ್ದು ಅವಳು ಎಣಿಸುವುದನ್ನು ಕಲಿತಳು.