ಹನ್ನೆರಡು ಗಂಟೆಯ ಅಂಕಿ

ಮಬ್ರೂಕಾಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಯೋಗ್ಯತೆ ಇರುವವರು ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಕೂತಿದ್ದೇನೆ.

ನಮ್ಮದು ಗಫ್ಸಾ ಪಟ್ಟಣದಿಂದ ಕೆಳಕ್ಕಿರುವ ಫಾಸ್ಫೇಟ್ ಗಣಿಯ ಊರು. ಗುಡ್ಡದಿಂದ ಕಲ್ಲು ಬರುತ್ತದೆ, ಕಾರ್ಖಾನೆಯಲ್ಲಿ ಅದನ್ನು ನೀರು ಬೆರೆಸಿ ಅರೆದು ತೊಳೆಯುತ್ತಾರೆ, ಉಳಿದ ರಾಡಿ ಕಾಲುವೆಗಳಲ್ಲಿ ಹರಿದು ದೊಡ್ಡ ದುಂಡು ತೊಟ್ಟಿಗಳಿಗೆ ಬೀಳುತ್ತದೆ. ಆ ರಾಡಿಯಲ್ಲಿ ಮಣ್ಣೆಷ್ಟು, ನೀರೆಷ್ಟು ಎಂದು ನೋಡುವುದು ನನ್ನ ಕೆಲಸವಾಗಿತ್ತು. ಮಬ್ರೂಕಾಳ ಗಂಡ ಲಝರ್‌ನ ಕೆಲಸವೂ ಅದೇ. ಅವನು ಒಂದನೇ ಸಾಲು, ನಾನು ಎರಡನೇ ಸಾಲು. ಗಂಟೆಗೊಮ್ಮೆ ತೊಟ್ಟಿಯ ಮೇಲೆ ಹಾಸಿದ ಹಲಗೆಗಳ ಮೇಲೆ ನಡೆದುಹೋಗಿ, ಉದ್ದ ಹಿಡಿಯ ಲೀಟರ್ ಡಬ್ಬಿಯನ್ನು ಹರಿಯುವ ರಾಡಿಗೆ ಅದ್ದಿ, ತಂದು ತಕ್ಕಡಿಯ ಕೊಕ್ಕೆಗೆ ನೇತುಹಾಕಬೇಕು. ಬರೀ ನೀರಾದರೆ ಮುಳ್ಳು ಸಾವಿರ ಗ್ರಾಮಿಗೆ ನಿಲ್ಲುತ್ತದೆ. ಸರಿಯಾದ ರಾಡಿಯಾದರೆ ಸಾವಿರದ ಮುನ್ನೂರ ಎಂಬತ್ತು, ತೊಂಬತ್ತು. ಆ ಸಾವಿರವನ್ನು ನಾವು ಬಾಯಲ್ಲೂ ಹೇಳುತ್ತಿರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಮುನ್ನೂರ ಎಂಬತ್ತು ಎಂದರೆ ಆಯಿತು. ಬರೀ ನೀರಾದರೆ, ಮುಳ್ಳು ಸಾವಿರದಲ್ಲಿದ್ದರೂ, ಸೊನ್ನೆಗೆ ನಿಂತಿದೆ ಎನ್ನುತ್ತಿದ್ದೆವು.

ಹಲಗೆಗಳು ಕೊಳೆತಿದ್ದವು. ಹಿಡಿದುಕೊಳ್ಳಲು ಒಂದು ಹಗ್ಗ ಕಟ್ಟಿದ್ದರು, ಅದೂ ಸಡಿಲ. ಹೀಗಾಗಿ ಬೆಳಿಗ್ಗೆ ಆರಕ್ಕೆ ಬಂದವರೇ ಒಂದು ಡಬ್ಬಿ ತೂಗಿ, ಅದಕ್ಕೇ ಐದು ಹತ್ತು ಕೂಡಿಸಿ ಕಳೆದು, ಮಧ್ಯಾಹ್ನ ಎರಡರವರೆಗಿನ ಅಂಕಿಗಳನ್ನೆಲ್ಲ ಆ ದಿನದ ಹಾಳೆಯಲ್ಲಿ ಒಂದೇ ಪಟ್ಟಿಗೆ ಬರೆದುಬಿಡುತ್ತಿದ್ದೆವು. ನಮಗಿಂತ ಹಿಂದಿನವರೂ ಹಾಗೇ ಮಾಡಿದವರು. ಮೇಸ್ತ್ರಿ ಬೂಬಕರ್‌ಗೂ ಗೊತ್ತಿತ್ತು. ಒಂದೇ ಅಂಕಿಯನ್ನು ಮೂರು ಸಲ ಬರೆದರೆ ಮಾತ್ರ ಬೈಯುತ್ತಿದ್ದ: “ಸುಳ್ಳನ್ನಾದ್ರೂ ನೆಟ್ಟಗೆ ಬರೀರೋ.”

ಹಾಗೆಂದು ನಮಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಮೂವತ್ತು ವರ್ಷ ಕೇಳಿದ ಕಿವಿಗೆ ರಾಡಿ ದಪ್ಪವಾದದ್ದು ಕಾಲುವೆಯ ಸದ್ದಿನಲ್ಲೇ ತಿಳಿಯುತ್ತದೆ. ಲಝರ್‌ನ ಕಿವಿ ನನ್ನದಕ್ಕಿಂತ ಚುರುಕು.

ಏಳು ವರ್ಷದ ಹಿಂದೆ, ಮಾರ್ಚ್ ಹದಿನೇಳರಂದು, ಸಂಜೆ ನಾಲ್ಕಕ್ಕೆ ಒಂದನೇ ತೊಟ್ಟಿಯ ತಳ ಕೆರೆಯುವ ಕಬ್ಬಿಣದ ತೋಳು ಯಾವುದಕ್ಕೋ ಸಿಕ್ಕಿಕೊಂಡು ನಿಂತಿತು. ಎರಡನೇ ಪಾಳಿಯವರು ನೋಡಿದರೆ ಲಝರ್. ಮೂಗು, ಕಿವಿ, ಅಂಗಿಯ ಜೇಬು ಎಲ್ಲದರಲ್ಲೂ ರಾಡಿ. ಮೈ ತೊಳೆದವರು ಎಷ್ಟು ನೀರು ಹೊಯ್ದರೂ ಆ ಬೂದು ಬಣ್ಣ ಹೋಗಲಿಲ್ಲ ಎಂದರು.

ಕಚೇರಿಯವರು ಅವನ ಹಾಳೆ ತೆಗೆದರು. ಆರರಿಂದ ಎರಡರವರೆಗೆ ಎಲ್ಲ ಅಂಕಿಯೂ ಅವನ ಕೈಬರಹದಲ್ಲೇ ಇತ್ತು. ನನ್ನನ್ನು ಕರೆಸಿದರು.

“ಇದು ಅವನ ಬರಹಾನಾ?”

“ಹೌದು ಸಾಹೇಬ್ರೇ.”

“ಕೊನೇ ಸಲ ಅವನನ್ನ ನೋಡಿದ್ದು ಯಾವಾಗ?”

“ಹತ್ತು ಗಂಟೆಗೆ, ಟೀ ಹೊತ್ತಲ್ಲಿ.”

“ಆಮೇಲೆ?”

“ಆಮೇಲೆ ನನ್ನ ಸಾಲಲ್ಲಿ ನಾನಿದ್ದೆ.”

ಮೂರೂ ನಿಜ. ಮೂರು ನಿಜ ಸೇರಿಸಿ ಅಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ನನಗೆ ತಿಳಿದದ್ದು ಅವತ್ತೇ. ಹಾಳೆ ಬೆಳಿಗ್ಗೆಯೇ ತುಂಬಿತ್ತು ಎನ್ನಬೇಕಾಗಿತ್ತು. ಅಂದಿದ್ದರೆ ನನ್ನ ಹಾಳೆಯೂ, ಇನ್ನೂ ಇಪ್ಪತ್ತು ಜನರ ಹಾಳೆಯೂ ಬಯಲಿಗೆ ಬರುತ್ತಿತ್ತು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡೆವು. ಎರಡು ಗಂಟೆಯ ಬಸ್ಸಿನಲ್ಲಿ ಅವನ ಜಾಗ ಖಾಲಿಯಿದ್ದದ್ದನ್ನು ನಾನು ಹೇಳಲಿಲ್ಲ. ಅವನ ಲೀಟರ್ ಡಬ್ಬಿ ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ.

ಮೂರನೇ ದಿನ ಗಫ್ಸಾ ಆಸ್ಪತ್ರೆಯಿಂದ ಹೆಣ ಬಂತು, ಅದಕ್ಕಿಂತ ಮೊದಲೇ ಕಚೇರಿಯ ಕಾಗದ ಬಂದಿತ್ತು. ಲಝರ್ ಎರಡು ಗಂಟೆಗೆ ಕೆಲಸ ಮುಗಿಸಿದ್ದಾನೆ, ಆಮೇಲೆ ‘ಸ್ವಂತ ಇಚ್ಛೆಯಿಂದ’ ತೊಟ್ಟಿಯ ಮೇಲೆ ಹೋಗಿದ್ದಾನೆ. ಊರಿನ ಬಾಯಲ್ಲಿ ಅದು ಆತ್ಮಹತ್ಯೆ ಆಯಿತು. ಇಮಾಮರು ಜ್ವರವೆಂದು ಹೇಳಿ ಕಳಿಸಿ, ನಮಾಜ್ ಮಾಡಿಸಲು ಬರಲಿಲ್ಲ. ಬೇರೆ ಯಾರೋ ಮಾಡಿಸಿದರು. ಹಿಂದೆ ನಿಂತವರು ಹನ್ನೊಂದು ಜನ, ನಾನೂ ಸೇರಿ. ಮಗಳು ಸನಿಯಾಳಿಗೆ ಆಗ ಹದಿನೇಳು. ಗೊತ್ತುಮಾಡಿದ್ದ ಗಂಡಿನ ಕಡೆಯವರು ಒಂದು ಮಾತೂ ಆಡದೆ ಬರುವುದನ್ನು ಬಿಟ್ಟರು. ನಲವತ್ತನೇ ದಿನ ಮಬ್ರೂಕಾ ಮಾಡಿದ ಗೋಧಿ ರವೆಯ ಕುಸ್ಕುಸನ್ನು ಅಕ್ಕಪಕ್ಕದ ಹೆಂಗಸರು ಕೈಯಲ್ಲಿ ಹಿಡಿದುಕೊಂಡು ಹೋಗಿ ಕೋಳಿಗಳಿಗೆ ಹಾಕಿದರು. ನಾನು ಕಣ್ಣಾರೆ ಕಂಡೆ.

ಮಬ್ರೂಕಾ ಎತ್ತರದ ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಗಂಡ ಸತ್ತ ವರ್ಷವೇ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಸ ಗುಡಿಸಲು ಸೇರಿದಳು. ನಾವು ಡಬ್ಬಿ ತೂಗುವುದು ಅಲ್ಲೇ. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಅವಳು ಮಾತ್ರ ಎಲ್ಲರನ್ನೂ ನೋಡುತ್ತಿದ್ದಳು. “ಬೂಬಕರ್, ನಿನ್ನ ಬೂಟಿನ ಮಣ್ಣು ತೂಗಿದ್ರೆ ನಾನೂರು ಬರುತ್ತೆ. ಬಾಗಿಲಲ್ಲೇ ಬಿಟ್ಟು ಬಾ,” ಎನ್ನುತ್ತಿದ್ದಳು. ಅಕ್ಷರ ಬಾರದು, ಆದರೆ ಅಂಕಿಗಳನ್ನು ನಮ್ಮ ಹಾಳೆಗಳನ್ನು ನೋಡಿಯೇ ಕಲಿತಳು. ಗಂಡನ ಸುದ್ದಿಯನ್ನು ಐದು ವರ್ಷ ಎತ್ತಲೇ ಇಲ್ಲ.

ಆರನೇ ವರ್ಷ ರಾಜಧಾನಿಯಿಂದ ಒಬ್ಬ ಪರೀಕ್ಷಕ ಬಂದಿದ್ದ. ಅವತ್ತು ಎಲ್ಲರೂ ಸಾಚಾಗಳು, ಗಂಟೆಗೊಮ್ಮೆ ಹಲಗೆ ಹತ್ತಿದ್ದೇ ಹತ್ತಿದ್ದು. ಹನ್ನೊಂದಕ್ಕೆ ಕರೆಂಟ್ ಹೋಯಿತು. ನಾನು ತಂದು ನೇತುಹಾಕಿದ ಡಬ್ಬಿಯನ್ನು ಮಬ್ರೂಕಾ ನೋಡಿದಳು.

“ಇದೇನು, ಮುಳ್ಳು ಸೊನ್ನೆಗೇ ನಿಂತಿದೆ?”

“ಕಲ್ಲು ಅರೆಯೋ ಮಿಲ್ ನಿಂತಿದೆಯಲ್ಲ. ರಾಡಿ ಕಾಲುವೇಲೇ ಗಟ್ಟಿಯಾಗಬಾರ್ದು ಅಂತ ಮೇಲಿನ ಟ್ಯಾಂಕಿನ ನೀರು ಬಿಟ್ಟಿದ್ದಾರೆ.”

“ಕರೆಂಟ್ ಹೋದಾಗೆಲ್ಲ ಹೀಗೇನಾ?”

“ಹೀಗೇ. ಬರೀ ನೀರು.”

ಅವಳು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ನನಗೆ ಏನೂ ಹೊಳೆಯಲಿಲ್ಲ.

ನಾಲ್ಕು ದಿನ ಕಳೆದು, ಪ್ರಯೋಗಶಾಲೆಯಲ್ಲಿ ನಾವಿಬ್ಬರೇ ಇದ್ದಾಗ ನನ್ನ ಮುಂದೆ ಬಂದು ನಿಂತಳು.

“ಅಮ್ಮಾರಣ್ಣ, ಅವನು ಸತ್ತ ದಿನ ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಗೋಧಿ ಅರ್ಧ ಬೀಸಿದ್ರು, ಕರೆಂಟ್ ಹೋಯ್ತು. ಹನ್ನೊಂದರಿಂದ ಒಂದರ ತನಕ ಅದೇ ಚೀಲದ ಮೇಲೆ ಕೂತಿದ್ದೆ. ಇಲ್ಲೂ ಹೋಗಿತ್ತಲ್ವಾ?”

ಹೋಗಿತ್ತು. ನನಗೆ ನೆನಪಿತ್ತು. ನಾನು ಕೊಕ್ಕೆಯಿಂದ ಡಬ್ಬಿ ಬಿಚ್ಚತೊಡಗಿದೆ.

“ಹಿಂದಿನ ಕೋಣೇಲಿ ಪೊರಕೆ ಇಡ್ತೀನಲ್ಲ, ಅಲ್ಲೇ ಹಳೇ ಹಾಳೆಗಳ ಕಟ್ಟೂ ಇರೋದು. ತಾರೀಖು ನೋಡಿ ತೆಗ್ದೆ. ಹನ್ನೆರಡು ಗಂಟೆಗೆ ಅವನ ಹಾಳೇಲಿ ಮುನ್ನೂರ ಎಂಬತ್ತೈದು ಅಂತಿದೆ. ಬರೀ ನೀರು ಮುನ್ನೂರ ಎಂಬತ್ತೈದು ಹೇಗೆ ತೂಗ್ತಪ್ಪಾ?”

“ಮಬ್ರೂಕಾ…”

“ನಿನ್ನ ಹಾಳೇನೂ ನೋಡ್ದೆ. ಮುನ್ನೂರ ತೊಂಬತ್ತು.”

ಯಾರಾದರೂ ಬರುತ್ತಾರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ.

“ಅವನು ಹನ್ನೆರಡಕ್ಕೆ ಡಬ್ಬಿ ಅದ್ದಿಲ್ಲ, ಅಂಕಿ ಮುಂಚೇನೇ ಬರ್ದದ್ದು. ಎರಡರ ತನಕ ಬದುಕಿದ್ದ ಅಂತ ಆ ಹಾಳೆ ಹೇಳಲ್ಲ. ಇದನ್ನ ನಾನು ಹೇಳಿದ್ರೆ ಕಸ ಗುಡಿಸೋಳ ಮಾತು ಅಂತಾರೆ. ಹಾಳೆ ಬರ್ದೋನೇ ಹೇಳ್ಬೇಕು. ಅವನು ಬೇಕೂಂತ ಸತ್ತ ಅಂತ ಊರೆಲ್ಲ ಅಂದುಕೊಂಡಿದೆ ಅಮ್ಮಾರಣ್ಣ. ಅದೊಂದು ಅಳಿಸಿಕೊಡು.”

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಯೋಚನೆ ಮಾಡುತ್ತೇನೆ ಎಂದೆ. ಹೇಡಿಗಳು ಆಡುವ ಮಾತು ಅದು, ನನ್ನ ಬಾಯಿಗೆ ಸಲೀಸಾಗಿ ಬಂತು.

ಮಾರನೇ ದಿನ ಬೆಳಿಗ್ಗೆ ನಾನು ಪ್ರಯೋಗಶಾಲೆಗೆ ಬಂದಾಗ ಕೊಕ್ಕೆಗೆ ಒಂದು ಡಬ್ಬಿ ನೇತಾಡುತ್ತಿತ್ತು. ಅದರ ತುಂಬ ತಿಳಿನೀರು, ಮುಳ್ಳು ಸೊನ್ನೆಗೆ. ಅವಳು ಬೆನ್ನು ಹಾಕಿ ಕಿಟಕಿ ಒರೆಸುತ್ತಿದ್ದಳು. ಅದರ ಮಾರನೇ ದಿನವೂ ಅದೇ. ನಾನು ನೀರು ಚೆಲ್ಲಿ ನನ್ನ ಡಬ್ಬಿ ಹಾಕುತ್ತಿದ್ದೆ, ಮರುದಿನ ಮತ್ತೆ ಅಲ್ಲೇ ತುಂಬಿರುತ್ತಿತ್ತು. ಅವಳು ಬೈದಿದ್ದರೆ, ಅತ್ತಿದ್ದರೆ, ನಾನು ತಪ್ಪಿಸಿಕೊಂಡುಬಿಡುತ್ತಿದ್ದೆ. ಒಂಬತ್ತನೇ ದಿನ ನನಗೆ ಆ ನೀರು ಚೆಲ್ಲಲಾಗಲಿಲ್ಲ.

“ಇನ್ನೊಂದು ಮಾತಿದೆ,” ಎಂದೆ. “ಅವತ್ತು ಟೀ ಕುಡೀತಾ ಅವನು ಅಂದ, ಕಾಲುವೆ ಸದ್ದು ಸರಿಯಿಲ್ಲ, ಒಂದು ಡಬ್ಬಿ ಎತ್ತಿ ನೋಡ್ಕೊಂಡು ಬರ್ತೀನಿ ಅಂತ. ನಾನು ಅಂದೆ, ಎರಡು ಗಂಟೆ ತನಕ ಬರೆದಾಗಿದೆಯಲ್ಲೋ, ಈಗ ಹೋಗಿ ನೋಡಿ ಏನು ಮಾಡ್ತೀಯ? ಅವನು ಡಬ್ಬಿ ಹಿಡ್ಕೊಂಡು ಹೋದ. ಹತ್ತೂಕಾಲು ಆಗಿರಬೇಕು. ಮತ್ತೆ ಬರಲಿಲ್ಲ.”

“ನೀನು ನಕ್ಕಿದ್ದೆಯಾ?”

“ನಕ್ಕಿದ್ದೆ.”

ಅವಳು ಕೊಕ್ಕೆಯಿಂದ ಡಬ್ಬಿ ಇಳಿಸಿ ತಾನೇ ನೀರು ಚೆಲ್ಲಿದಳು. “ಸರಿ. ಈಗ ಹೋಗಿ ಹೇಳು,” ಎಂದಳು.

ಹೋದೆ. ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಚೇರಿಯಲ್ಲಿ ಹೇಳಲು ಹತ್ತು ನಿಮಿಷ ಸಾಕಾಯಿತು. ಗಿರಣಿಯವನೂ ಬಂದು ಕರೆಂಟಿನ ವಿಷಯ ಹೇಳಿದ. ತೊಟ್ಟಿ ಖಾಲಿ ಮಾಡಿ ನೋಡಿದಾಗ ತಳದ ಕೆಸರಿನಲ್ಲಿ ಅವನ ಲೀಟರ್ ಡಬ್ಬಿ ಸಿಕ್ಕಿತು, ಒಳಗೆ ರಾಡಿ ಕಲ್ಲಾಗಿತ್ತು. ಎರಡು ತಿಂಗಳಿಗೆ ಹೊಸ ಕಾಗದ ಬಂತು. ಲಝರ್ ಕೆಲಸದ ವೇಳೆಯಲ್ಲೇ, ಬೆಳಿಗ್ಗೆ ಹತ್ತರ ನಂತರ, ಜಾರಿಬಿದ್ದು ಸತ್ತಿದ್ದಾನೆ, ಅವನದೇ ಅಜಾಗರೂಕತೆ, ಸುಳ್ಳು ಅಂಕಿ ಬರೆದದ್ದು ಅವನ ತಪ್ಪು. ಕೊಳೆತ ಹಲಗೆಯ ಮಾತು ಎಲ್ಲೂ ಇರಲಿಲ್ಲ. ನನ್ನನ್ನು ಕೆಲಸದಿಂದ ತೆಗೆದದ್ದು ಬೇರೆ ಕಾಗದದಲ್ಲಿತ್ತು. ಒಂದು ತಿಂಗಳು ಎಲ್ಲರಿಗೂ ಕಾವಲು ಹಾಕಿದರು. ಪ್ರತಿ ಗಂಟೆ ಹಲಗೆ ಹತ್ತುವಾಗ ಜೊತೆಗಾರರು ನನ್ನ ಹೆಸರು ಹಿಡಿದು ಬೈದರಂತೆ.

ಕಾಗದವನ್ನು ಸನಿಯಾ ಓದಿ ಹೇಳಿದಳು. ಮಬ್ರೂಕಾ ಕೇಳಿ, “ಅಜಾಗರೂಕ ಅಂತಾದ್ರೂ ಅಂದುಕೊಳ್ಳಲಿ. ತಾನಾಗಿ ಹೋಗಲಿಲ್ಲವಲ್ಲ,” ಎಂದಳು. ಅದನ್ನು ಒಯ್ದು ಇಮಾಮರ ಮುಂದೆ ಇಟ್ಟಳು. ಶುಕ್ರವಾರ ಅವರು ಗೋರಿಯ ಹತ್ತಿರ ಬಂದು ನಮಾಜ್ ಮಾಡಿಸಿದರು. ಈ ಸಲ ಜ್ವರ ಇರಲಿಲ್ಲ. ಹಿಂದೆ ಇನ್ನೂರು ಜನ ನಿಂತಿದ್ದರು. ಅವಳ ಮನೆಯ ಕುಸ್ಕುಸ್ ಪಾತ್ರೆ ತಳ ಕಾಣುವವರೆಗೆ ಖಾಲಿಯಾಯಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ, ಖಾಲಿ ಪಾತ್ರೆ ಉಜ್ಜುವಾಗ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಮ್ಮಲ್ಲಿ ಒಂದು ಪದ್ಧತಿಯಿದೆ: ಕೆಲಸದ ಮೇಲೆ ಸತ್ತವನ ಮನೆಗೆ ಒಂದು ಕೆಲಸ ಕೊಡಬೇಕು. ಕಾಗದ ಬದಲಾದದ್ದರಿಂದ ಆ ಹಕ್ಕೂ ಹುಟ್ಟಿತು. ಖಾಲಿಯಿದ್ದದ್ದು ನನ್ನ ಜಾಗ. ಇಪ್ಪತ್ಮೂರು ವರ್ಷದ ಸನಿಯಾಳ ಕೈಗೆ ಒಂದು ಲೀಟರ್ ಡಬ್ಬಿ ಕೊಟ್ಟರು.

ಈಗ ನಾನು ಅಳಿಯನ ಅಂಗಡಿಯಲ್ಲಿ ಕುಂಬಳಬೀಜ ಮಾರುತ್ತೇನೆ. ಹೋದ ತಿಂಗಳು ನನ್ನ ಸೇವೆಯ ಪ್ರಮಾಣಪತ್ರಕ್ಕೆಂದು ಕಾರ್ಖಾನೆಗೆ ಹೋಗಬೇಕಾಯಿತು. ಬೂಬಕರ್ ಕಾಯಿಸಿದ. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಸುಮ್ಮನೆ ಗೋಡೆ ನೋಡಿದೆ. ಗಡಿಯಾರದಲ್ಲಿ ಒಂಬತ್ತು ಗಂಟೆ. ಅದರ ಕೆಳಗೆ ಎರಡನೇ ಸಾಲಿನ ಹಾಳೆ, ಸನಿಯಾಳ ದುಂಡನೆಯ ಬರಹ. ಎರಡು ಗಂಟೆಯವರೆಗೂ ತುಂಬಿತ್ತು.

ಮಬ್ರೂಕಾ ಮೇಜು ಒರೆಸುತ್ತಿದ್ದಳು. ನಾನು ಏನನ್ನು ನೋಡುತ್ತಿದ್ದೇನೆಂದು ಅವಳಿಗೆ ತಿಳಿಯಿತು.

“ನಾನೇ ಹೇಳಿದ್ದು,” ಎಂದಳು. “ಆರಕ್ಕೇ ಬರ್ದು ಮುಗಿಸು, ಆ ಹಲಗೆ ಕಡೆ ತಲೆ ಹಾಕ್ಬೇಡ ಅಂತ.”

“ಅಷ್ಟೆಲ್ಲ ಆದ ಮೇಲೂನಾ, ಮಬ್ರೂಕಾ?”

“ಅವನು ಸುಳ್ಳು ಬರ್ದು ಸಾಯ್ಲಿಲ್ಲ ಅಮ್ಮಾರಣ್ಣ. ನಿಜ ನೋಡೋಕೆ ಹೋಗಿ ಸತ್ತ.”

ಕಿಟಕಿಯಾಚೆ ಅದೇ ಹಲಗೆಗಳು, ಅದೇ ಸಡಿಲ ಹಗ್ಗ. ಗೋಡೆಯ ನೆರಳಿನಲ್ಲಿ ಸನಿಯಾ ಟೀ ಲೋಟ ಹಿಡಿದು ಕೂತಿದ್ದಳು, ಡಬ್ಬಿ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಎರಡನೇ ಕಾಲುವೆಯ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಆ ಸದ್ದು ಸರಿಯಿರಲಿಲ್ಲ.

ಹೇಳಿದರೆ ಅವಳು ಎದ್ದು ಹೋಗಿ ನೋಡುತ್ತಾಳೆ, ಅವಳು ಲಝರ್‌ನ ಮಗಳು. ನಾನು ಪ್ರಮಾಣಪತ್ರ ಇಸಿದುಕೊಂಡು, ಯಾರಿಗೂ ಏನೂ ಹೇಳದೆ ಮನೆಗೆ ಬಂದೆ.